ಹೆತ್ತವಳ ಹೂಂ

ಹಿಂದೂಪುರ,
೮ ಜೂನ್ ೨೦೨೫, ಭಾನುವಾರ

ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ನಿನ್ನ ಲತಾ ಮಾಡುವ ಶರಣು. ಮಂಡಿನೋವು ಹೇಗಿದೆ? ತಿಪ್ಪೇಶ್ ಮಾವನ ಮನೆಯ ಮೆಟ್ಟಿಲು ಕಡಿದು, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಎಣ್ಣೆ ಬಿಸಿಮಾಡಿ ಹಚ್ಚಿಕೊಳ್ಳುತ್ತಿದ್ದೀಯಾ? ಅತ್ತೆಗೆ ಫೋನ್ ಮಾಡಿದ್ದೆ. 'ಅಕ್ಕ ಸರಿಯಾಗಿ ಉಣ್ಣಾಕಿಲ್ಲ ಕಣಮ್ಮ, ತಟ್ಟೆ ಮುಂದೆ ಸುಮ್ನೆ ಕುಂತಿರ್ತಾಳೆ' ಅಂದರು. ನನ್ನ ಮೇಲಿನ ಸಿಟ್ಟನ್ನು ಮುದ್ದೆಯ ಮೇಲೆ ತೀರಿಸಬೇಡ, ನಿನ್ನ ದಮ್ಮಯ್ಯ. ನನ್ನ ಹೆಸರು ಕಂಡರೆ ಸಾಕು ಫೋನ್ ಕತ್ತರಿಸುತ್ತೀಯ, ಅದಕ್ಕೇ ಈ ಕಾಗದ. ಹರಿದುಹಾಕಬೇಕು ಅನ್ನಿಸಿದರೆ ಹರಿ, ಆದರೆ ಓದಿ ಹರಿ.

ನನ್ನ ಸುದ್ದಿ ಏನು ಹೇಳಲಿ. ಸಿವಿಲ್ ಎಂಜಿನಿಯರಿಂಗನ್ನೂ ಪರಿಸರ ವಿಜ್ಞಾನವನ್ನೂ ಒಟ್ಟಿಗೆ ಓದುತ್ತೇನೆ ಅಂದಾಗ ಎರ್ರಮ್ಮಜ್ಜಿ, 'ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅಂದಂಗಾಯ್ತು, ಒಂದನ್ನ ನೆಟ್ಟಗೆ ಓದೇ ತಾಯಿ' ಅಂತ ಗೊಣಗಿತ್ತು. ನೀನೊಬ್ಬಳೇ ನನ್ನ ಪರ ನಿಂತೆ. 'ಓದ್ಲಿ ಬಿಡಿ ಅತ್ತೆ, ಕಟ್ಟೋದೂ ಕಲೀಲಿ, ಉಳಿಸೋದೂ ಕಲೀಲಿ' ಅಂದೆ. ಇಲ್ಲಿ ಸಿವಿಲ್‌ನವರು ನನ್ನನ್ನು 'ಚೆಟ್ಲ ಪಿಲ್ಲ' ಅನ್ನುತ್ತಾರೆ, ಗಿಡಮರದ ಹುಡುಗಿ ಅಂತ. ಪರಿಸರದವರ ಕಡೆ ಹೋದರೆ 'ಸಿಮೆಂಟ್ ವಚ್ಚಿಂದಿ', ಸಿಮೆಂಟು ಬಂತು ಅಂತ ನಗುತ್ತಾರೆ. ಎರಡೂ ಕಡೆ ಲ್ಯಾಬು, ಎರಡೂ ಕಡೆ ಪರೀಕ್ಷೆ, ನಮ್ಮವಳು ಅನ್ನುವವರು ಮಾತ್ರ ಎಲ್ಲೂ ಇಲ್ಲ. ಮುರಳಿಕೃಷ್ಣ ಸರ್ ನೀರನ್ನು ಹೇಗೆ ಕಟ್ಟಿ ನಿಲ್ಲಿಸಬೇಕು ಅಂತ ಕಲಿಸುತ್ತಾರೆ, ತನುಜಾ ಮೇಡಂ ಅದೇ ನೀರು ನೆಲದೊಳಗೆ ಹೇಗೆ ಇಳಿಯಬೇಕು ಅಂತ ಕಲಿಸುತ್ತಾರೆ. ನಾನು ಸೇರಿದಾಗಿನಿಂದ ಇವರಿಬ್ಬರೂ ಯಾವ ವಿಷಯಕ್ಕೂ ಒಪ್ಪಿದ್ದನ್ನು ಕಂಡಿಲ್ಲ. ಒಪ್ಪಿದ್ದು ಒಂದೇ ಸಲ, ಅದೂ ನಮ್ಮ ಹೊಲದ ವಿಷಯದಲ್ಲಿ.

ನಿನಗೆ ಗೊತ್ತಿರುವುದೇ, ಆದರೂ ಒಮ್ಮೆ ನನ್ನ ಬಾಯಿಂದ ಕೇಳು. ಪ್ರಾಜೆಕ್ಟಿಗೆ ಸೆಟ್ಟೂರಿನಾಚೆಯ ನಮ್ಮೂರನ್ನೇ ನಾನು ಆರಿಸಿಕೊಂಡೆ. ಹಳ್ಳಕ್ಕೆ ಅಡ್ಡವಾಗಿ ಕಟ್ಟೆ ಹಾಕಿ ಮಳೆನೀರು ನಿಂತು ಇಂಗುವಂತೆ ಮಾಡಿದರೆ ಊರಿನ ಕುಡಿಯುವ ನೀರಿನ ಬೋರಿನಲ್ಲಿ ಫ್ಲೋರೈಡು ತಗ್ಗುತ್ತದೆ ಅನ್ನುವುದು ಲೆಕ್ಕ. ಪಂಚಾಯಿತಿಯವರೂ ಖುಷಿಯಿಂದ ಒಪ್ಪಿ ಕೆಲಸ ಮಂಜೂರು ಮಾಡಿಸಿದರು. ಅಳತೆ ಶುರುಮಾಡಲು ಅಲ್ಲಾಡದ ಗುರುತೊಂದು ಬೇಕು, ಮಿಕ್ಕ ಎತ್ತರ ತಗ್ಗೆಲ್ಲ ಅದರಿಂದ ಲೆಕ್ಕ. ಹೊಲದಂಚಿನಲ್ಲಿ ಚಪ್ಪಟೆ ಕಲ್ಲೊಂದು ನೆಲಕ್ಕೆ ಕಚ್ಚಿಕೊಂಡಿತ್ತು. ಒದ್ದು ನೋಡಿದೆ, ಅಲ್ಲಾಡಲಿಲ್ಲ. ಅಯ್ಯೋ, ಒದ್ದೇ ನೋಡಿದೆ ಅಮ್ಮಾ! ಆಮೇಲೆ ಕೆಂಪು ಬಣ್ಣ ಬಳಿದು ನಂಬರು ಬರೆದೆ. ನಾನು ಹುಟ್ಟುವ ಮೊದಲೇ ಜ್ವರದಲ್ಲಿ ತೀರಿಕೊಂಡ ವಿಜಯಕುಮಾರಣ್ಣನನ್ನು ಹೊಲದಲ್ಲಿ ಇಟ್ಟಿದ್ದೀರಿ ಅಂತ ಗೊತ್ತಿತ್ತು. ಎಲ್ಲಿ ಅಂತ ನೀನು ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ದೊಡ್ಡವರಿಗಾದರೆ ಗದ್ದುಗೆ ಕಟ್ಟಿ ಪೂಜೆ ಮಾಡುತ್ತೇವೆ, ಮಕ್ಕಳಿಗೆ ನಮ್ಮ ಮನೆತನದಲ್ಲಿ ಬರೀ ಒಂದು ಕಲ್ಲು. ಅಮಾವಾಸ್ಯೆಗೆ ನೀನೊಬ್ಬಳೇ ಹೋಗಿ ಬರುತ್ತಿದ್ದೆ. ಹೋದ ಅಮಾವಾಸ್ಯೆ ಆ ಬಣ್ಣ ಕಂಡು, ಸೆರಗಿನಿಂದ ಉಜ್ಜಿ ಉಜ್ಜಿ ಸಾಕಾಗಿ, ಮನೆಗೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು. 'ನಿನ್ನ ಓದಿಗೆ ನನ್ನ ಮಗನ ಎದೇನೇ ಬೇಕಾಗಿತ್ತೇನೇ?' ಆ ಸಂಜೆಯೇ ನೀನು ಮಾವನ ಮನೆಗೆ ಅಂತ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ನಿನ್ನ ಸೆರಗಿಗೆ ಅಂಟಿದ ಆ ಬಣ್ಣ ಇನ್ನೂ ನನ್ನ ಕಣ್ಣಮುಂದಿದೆ.

ಬಣ್ಣದ ಮಾತಷ್ಟೇ ಆಗಿದ್ದರೆ ನಿನ್ನ ಕಾಲು ಹಿಡಿದು ಮುಗಿಸುತ್ತಿದ್ದೆ. ಕಟ್ಟೆಯ ಗೆರೆ ಆ ಕಲ್ಲಿನ ಮೇಲೇ ಹಾದುಹೋಗುತ್ತದೆ. ಕಟ್ಟೆ ನಿಲ್ಲಬೇಕಾದರೆ ಗಟ್ಟಿ ನೆಲ ಸಿಗುವವರೆಗೆ ಪಾಯ ಅಗೆಯಬೇಕು. ಗೆರೆಯನ್ನು ಸರಿಸಲು ನಾನು ಮಾಡದ ಕಸರತ್ತಿಲ್ಲ. ಮೇಲಕ್ಕೆ ಒಯ್ದರೆ ಬರೀ ಬಂಡೆ, ಒಂದು ಹನಿಯೂ ಇಂಗುವುದಿಲ್ಲ ಅಂತ ಮೇಡಂ. ಕೆಳಕ್ಕೆ ತಂದರೆ ಮರಳು, ಮೊದಲ ಮಳೆಗೇ ಕೊಚ್ಚಿಹೋಗುತ್ತದೆ ಅಂತ ಸರ್. ಇಬ್ಬರಲ್ಲಿ ಒಬ್ಬರಾದರೂ ತಪ್ಪಾಗಿರಲಿ ಅಂತ ದೇವರಿಗೆ ಕೈಮುಗಿದು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಇಬ್ಬರೂ ಸರಿ. ನನ್ನ ಮುಖ ನೋಡಲಾರದೆ ಮೇಡಂ, 'ವದಿಲೇಯ್ ಅಮ್ಮಾ, ಇಂಕೋ ಊರು ಚೂದ್ದಾಂ' ಅಂದರು. ಬಿಟ್ಟುಬಿಡು, ಬೇರೆ ಊರು ನೋಡೋಣ ಅಂತ. ಬಿಡುವುದಕ್ಕೂ ಆಗುತ್ತಿಲ್ಲ. ನಮ್ಮ ಬೀದಿಯ ಮಕ್ಕಳು ನಕ್ಕರೆ ಹಲ್ಲಿನ ಮೇಲಿನ ಕಂದುಪಟ್ಟೆ ಕಾಣುತ್ತದೆ. ಅಜ್ಜಿಯ ಬೆನ್ನು ಬಾಗಿದ್ದು, ನಿನ್ನ ಮಂಡಿ ಮಡಿಸಲಾಗದ್ದು, ಎಲ್ಲವನ್ನೂ ವಯಸ್ಸು ಅಂದುಕೊಂಡಿದ್ದೆ. ಅದು ನೀರಿನಿಂದಲೂ ಬರುತ್ತದೆ ಅಂತ ಓದಿದ ಮೇಲೆ ಗೊತ್ತಾಯಿತು. ಯಾಕಾದರೂ ಓದಿದೆನೋ.

ಹೊಲ ಬಿಟ್ಟುಕೊಡಲು ಒಪ್ಪಿದ ಅಂತ ಅಪ್ಪನ ಮೇಲೂ ನಿನಗೆ ಸಿಟ್ಟು. ಅಪ್ಪನ ಪಾಡು ನೀನು ನೋಡಬೇಕು. ಅಜ್ಜಿ ಮಾಡಿದ ಉಪ್ಪಿಲ್ಲದ ಸಾರನ್ನೇ ಸುರಿದುಕೊಂಡು ಉಣ್ಣುತ್ತಾನೆ. ಮೊನ್ನೆ ನಾನೂ ಅಪ್ಪನೂ ಮಠದ ಕೇಶವಯ್ಯನವರ ಹತ್ತಿರ ಹೋಗಿ ಕೇಳಿದೆವು. 'ಎತ್ತಿ ಬೇರೆ ಕಡೆ ಇಡಬೋದು ಕಣಪ್ಪ ಸೋಮಶೇಖರಪ್ಪ, ದೋಷ ಏನಿಲ್ಲ. ಆದ್ರೆ ಹೆತ್ತೋಳು ಹೂಂ ಅನ್ಬೇಕು. ಅವಳು ಅನ್ನದೆ ಮಣ್ಣು ಮುಟ್ಟಿದ್ರೆ ಅದು ಕಳ್ಳತನ' ಅಂದರು. ದಾರಿಯಲ್ಲಿ ಅಪ್ಪ ಹೊಲದ ಕಡೆ ತಿರುಗಿ ನಿಂತ. ಆಮೇಲೆ, 'ಸತ್ತೋನೂ ನಮ್ಮೋನೇ, ಆ ನೀರು ಕುಡಿಯೋ ಮಕ್ಕಳೂ ನಮ್ಮೋರೇ ಕಣಮ್ಮ. ಆದ್ರೆ ನಿಮ್ಮಮ್ಮ ಹೂಂ ಅನ್ನೋಗಂಟ ನಾನು ಗುದ್ದಲಿ ಮುಟ್ಟಾಕಿಲ್ಲ' ಅಂದ.

ಅಮ್ಮಾ, ಹೂಂ ಅನ್ನು ಅಂತ ನಾನು ಕೇಳುತ್ತಿಲ್ಲ. ಊಹೂಂ ಅಂದರೂ ಸರಿ. ನಾನೇ ಪಂಚಾಯಿತಿಗೆ ಹೋಗಿ ಬೇಡ ಅನ್ನುತ್ತೇನೆ. ಊರವರು ಬೈದರೆ ಬೈಸಿಕೊಳ್ಳುತ್ತೇನೆ, ಪ್ರಾಜೆಕ್ಟು ಹಾಳಾಗಿಹೋಗಲಿ. ನೀನು ಹೀಗೆ ಬಾಯಿ ಬಿಗಿದು ಕೂತರೆ ಮಾತ್ರ ನನಗೆ ತಡೆಯುವುದಕ್ಕಾಗುವುದಿಲ್ಲ. ಕ್ಲಾಸಿನಲ್ಲಿ ಕೂತರೆ ಬೋರ್ಡಿನ ಮೇಲಿನ ಗೆರೆಗಳೆಲ್ಲ ಅದೇ ಗೆರೆಯಾಗಿ ಕಾಣುತ್ತವೆ. ಎರಡೆರಡು ವಿದ್ಯೆ ಕಲಿತೆ ಅಂತ ಬೀಗುತ್ತಿದ್ದೆನಲ್ಲ, ಹೆತ್ತವಳ ಮುಂದೆ ಏನು ಹೇಳಬೇಕು ಅಂತ ಎರಡರಲ್ಲೂ ಒಂದು ಸಾಲಿಲ್ಲ. ಅಣ್ಣನ ಮುಖ ನಾನು ನೋಡಿಲ್ಲ. ಆದರೆ ಈಚೆಗೆ ನನಗೆ ಅವನದೇ ಧ್ಯಾನ. ಬದುಕಿದ್ದರೆ 'ಏನ್ಲಾ ಮಾಡ್ಲಿ?' ಅಂತ ಅವನನ್ನೇ ಕೇಳುತ್ತಿದ್ದೆ, ಅವನು ನನ್ನ ತಲೆಗೊಂದು ಮೊಟಕುತ್ತಿದ್ದ. ಈಗ ಯಾರನ್ನು ಕೇಳಲಿ ಹೇಳು.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಬಿಸಿಲಿನಲ್ಲಿ ಅಂಗಡಿಬೀದಿ ಸುತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಹರಸಬೇಕು ಅನ್ನಿಸದಿದ್ದರೆ ಬೈದಾದರೂ ಎರಡಕ್ಷರ ಹೇಳಿಕಳಿಸು.

ನಿನ್ನ ಪಾದಕ್ಕೆ ಹಣೆ ಹಚ್ಚಿ,
ನಿನ್ನ ಮಗಳು
ಸ್ನೇಹಲತಾ

ಮತ್ತೆ: ಮಂಗಳವಾರ, ಹೊಲದಿಂದ. ಅಮ್ಮಾ, ಇದನ್ನು ಅಂಚೆಗೆ ಹಾಕುವ ಮೊದಲೇ ಅಪ್ಪನ ಫೋನು ಬಂತು. ಪಂಚಾಯಿತಿಯವರು ಹೇಳಿದ ದಿನಕ್ಕಿಂತ ಮುಂಚೆಯೇ ಪಾಯ ಅಗೆಯುವ ಜೆಸಿಬಿ ಬಂದುಬಿಟ್ಟಿತ್ತು. ನಾನು ಓಡಿ ಬರುವಷ್ಟರಲ್ಲಿ ಪಾಯ ಕಲ್ಲಿನ ಹತ್ತಿರಕ್ಕೆ ಬಂದಿತ್ತು, ಅಪ್ಪ ಕಲ್ಲಿನ ಮೇಲೆ ಕೂತಿದ್ದ. ಇವತ್ತು ಆಗದಿದ್ದರೆ ಗಾಡಿ ಪರಿಗಿಯ ಕಡೆ ಬೇರೆ ಕೆಲಸಕ್ಕೆ ಹೋಗುತ್ತದೆ, ಮಳೆಗೆ ಮುಂಚೆ ತಿರುಗಿ ಬರುವುದಿಲ್ಲ ಅಂತ ಡ್ರೈವರ್ ಹಟ ಹಿಡಿದ. ನಿನಗೆ ಎಷ್ಟು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಊರೆಲ್ಲ ನನ್ನ ಮುಖ ನೋಡುತ್ತಿತ್ತು. ಅಮ್ಮ ಫೋನಿನಲ್ಲಿ ಹೂಂ ಅಂದಳು ಅಂತ ಹೇಳಿಬಿಟ್ಟೆ. ಅಪ್ಪ ಎದ್ದು ಗುದ್ದಲಿ ಹಿಡಿದ. ಬರೀ ಮಣ್ಣಿತ್ತು ಅಮ್ಮಾ, ಮಣ್ಣಿನಲ್ಲಿ ಅಣ್ಣನ ಕೊರಳಿಗೆ ಕಟ್ಟಿದ್ದ ಪುಟ್ಟ ಇಷ್ಟಲಿಂಗ ಇತ್ತು. ಅದು ನನ್ನ ಎಡಗೈಯ ಮುಷ್ಟಿಯಲ್ಲಿದೆ. ಬೇಲಿಯ ಹತ್ತಿರ ಹೊಸ ಗುಂಡಿ ತೆಗೆದಿದ್ದಾರೆ, ಮಠದ ಅಯ್ಯನವರು ಬಂದು ಕೇಳಿದರೂ ನಾನು ಕೊಟ್ಟಿಲ್ಲ, ಗುಂಡಿ ಮುಚ್ಚಲು ಬಿಟ್ಟಿಲ್ಲ. ಅಂಚೆಗೆ ಕಾಯದೆ ಈ ಕಾಗದವನ್ನು ನಮ್ಮೂರ ಆಟೋದ ಅಂಜಿಯ ಕೈಲೇ ಕಳಿಸುತ್ತಿದ್ದೇನೆ, ಅವನ ಆಟೋದಲ್ಲೇ ಹೊರಟು ಬಾ. ಬಂದು ನನ್ನನ್ನು ಹೊಡಿ, ಕೊಲ್ಲು, ಏನು ಬೇಕಾದರೂ ಮಾಡು. ಅಪ್ಪನಿಗೆ ಇನ್ನೂ ಗೊತ್ತಿಲ್ಲ. 'ನಮ್ಮವಳು ಹೂಂ ಅಂದ್ಲು ಕಣ್ರಪ್ಪ, ಹೂಂ ಅಂದ್ಬುಟ್ಲು' ಅಂತ ಬಂದವರಿಗೆಲ್ಲ ಹೇಳಿಕೊಂಡು ಅಳುತ್ತಿದ್ದಾನೆ.