ಕಾದವರ ಸರದಿ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಕಂಪೈಲ್. ಲ್ಯಾಬಿನ ಈ ಮುದಿ ಯಂತ್ರಕ್ಕೆ ನಮ್ಮ ಕೋಡಿನಿಂದ ಕರ್ನಲ್ — ಯಂತ್ರವನ್ನು ಒಳಗಿಂದ ಆಳುವ ಪ್ರೋಗ್ರಾಂ — ಕಟ್ಟು ಎಂದು ಹೇಳಿ ಊಟ ಮುಗಿಸಿ ಬಂದರೂ ಇನ್ನೂ ಏದುಸಿರು ಬಿಡುತ್ತಿರುತ್ತದೆ. ಫ್ಯಾನ್ ಸದ್ದು ಹಿಟ್ಟಿನ ಗಿರಣಿಯದು. ಮೊದಲ ಬೆಂಚಿನ ದೊರೆಮಗಳು ಮಾತ್ರ ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಕಾಫಿ ಆರುವುದರೊಳಗೆ ಮುಗಿಸುತ್ತಾಳೆ. ಆ ಹೆಸರು ನಾನಿಟ್ಟದ್ದು. ಅವಳ ಅಪ್ಪ ಇದೇ ಕಾಲೇಜಿನ ಡೀನ್. ಇನ್ನೇನು ಕರೆಯಲಿ?

ಲ್ಯಾಬ್ ಮೇಷ್ಟ್ರು ಬೋರ್ಡಿನಲ್ಲಿ ಪ್ರಾಜೆಕ್ಟ್ ಬರೆದರು. ಶೆಡ್ಯೂಲರ್. ಫೈಲ್ ಸಿಸ್ಟಮ್. ಮೆಮೊರಿ. ಕೆಳಗೆ ಇನ್ನಷ್ಟು ಚಿಲ್ಲರೆ. ಇಬ್ಬಿಬ್ಬರ ತಂಡ. ಒಂದು ವಿಷಯ ಒಂದೇ ತಂಡಕ್ಕೆ. ಇದರಲ್ಲಿ ಬಿದ್ದರೆ ವರ್ಷ ಬಿತ್ತು.

ನನಗೂ ನನ್ನ ಗೆಳತಿ ಗುಬ್ಬಿಗೂ ಯೋಚನೆಯೇ ಇಲ್ಲ — ಫೈಲ್ ಸಿಸ್ಟಮ್. ಅಳಿಸಿದ ಫೈಲನ್ನು ಕರ್ನಲ್ ಕೂಡಲೇ ಕೊಲ್ಲಬಾರದು, ಸ್ವಲ್ಪ ಕಾಲ ಎಲ್ಲೋ ಬಚ್ಚಿಡಬೇಕು, ಕೇಳಿದರೆ ಕೊಡಬೇಕು. ಮೊದಲ ವರ್ಷ ಗುಬ್ಬಿ ತನ್ನ ಇಡೀ ಅಸೈನ್‌ಮೆಂಟ್ ಅಳಿಸಿಕೊಂಡು ಗೊಳೋ ಎಂದಿದ್ದಳು. ಪಕ್ಕದಲ್ಲಿ ಕೂತು ಮತ್ತೆ ಬರೆಸಿದ್ದು ನಾನು. ಆವತ್ತೇ ಹುಟ್ಟಿದ ಆಸೆ ಇದು.

ಪಕ್ಕದ ಕುರ್ಚಿ ಮೇಲೆ ಜಾಗ ಹಿಡಿಯಲು ಚೀಲ ಇಟ್ಟಿದ್ದೇನೆ. ಗುಬ್ಬಿಗೆ. ಇನ್ನೂ ಬಂದಿಲ್ಲ.

ಫೆಬ್ರವರಿ 4

ಗುಬ್ಬಿ ಮೊದಲ ಬೆಂಚಿನಲ್ಲಿದ್ದಳು. ದೊರೆಮಗಳ ಪಕ್ಕ. ನಗುತ್ತಿದ್ದಳು — ಮೂಗು ಮುಚ್ಚಿಕೊಂಡು. ಆ ನಗು ನನ್ನ ಜೋಕಿಗೆ ಮಾತ್ರ ಬರುತ್ತಿತ್ತು.

"ಏನೇ ಅಷ್ಟು ನಗು?"

"ಏನೋ ಡೌಟ್ ಕೇಳಿದ್ಲು ಕಣೇ."

ಡೌಟಿಗೆ ನಗುವವರನ್ನು ನಾನು ಇವತ್ತೇ ಕಂಡದ್ದು.

ಫೆಬ್ರವರಿ 5, ಮಧ್ಯಾಹ್ನ

ಗುಬ್ಬಿ ಹೇಳಿಯೇಬಿಟ್ಟಳು. ಮೆಟ್ಟಿಲ ಮೇಲೆ, ಒಂದು ಮೆಟ್ಟಿಲು ಕೆಳಗೆ ನಿಂತು.

"ಮೈಕು, ಈ ಸಲ ನಾನು ಅವಳ ಜೊತೆ ಮಾಡ್ತೀನಿ."

ನನಗೆ ಮೈಕು ಎಂದು ಹೆಸರಿಟ್ಟವಳು ಇವಳೇ. ಹಾಸ್ಟೆಲ್ ಹುಡುಗಿಯರ ನೀರಿಗಾಗಿ ಧರಣಿ ಕೂತಾಗ ಘೋಷಣೆ ನನ್ನದು, ಪೋಸ್ಟರ್ ಇವಳದು.

"ಲ್ಯಾಪ್‌ಟಾಪ್ ನೋಡಿ ಹೋದ್ಯಾ?"

"ಹೌದು ಅಂತಾನೇ ಇಟ್ಕೋ. ಬೇಗ ಕಂಪೈಲ್ ಆಗುತ್ತೆ. ನಿನ್ನ ಜೊತೆ ಕೂತ್ರೆ ಯಂತ್ರಕ್ಕಿಂತ ಮೊದಲು ನೀನು ಬಿಸಿಯಾಗ್ತೀಯ. ಕೋಪ ಜಾಸ್ತಿ, ಕೆಲಸ ಕಮ್ಮಿ."

"ಡೀನ್ ಮನೆ ಕಾಫಿ ಚೆನ್ನಾಗಿರುತ್ತೆ ಬಿಡು."

"ನೋಡಿದ್ಯಾ? ಇದನ್ನೇ ಹೇಳಿದ್ದು."

ಹೋದಳು. ಸೈನಿಕರು ಪಕ್ಷ ಬದಲಿಸಿದ್ದು ಕೇಳಿದ್ದೆ. ಪೋಸ್ಟರ್ ಬರೆದ ಕೈ ಬದಲಾಗಿದ್ದು ಮೊದಲ ಸಲ ನೋಡಿದೆ. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತೆ. ಇದಕ್ಕೆ ಸಿದ್ಧಾಂತದಲ್ಲಿ ಏನೋ ಹೆಸರಿರಬಹುದು. ಮನೆಯಲ್ಲಿ ಇದನ್ನು ಹೊಟ್ಟೆಕಿಚ್ಚು ಅನ್ನುತ್ತಾರೆ.

ಸಂಜೆ ಗೊತ್ತಾಯಿತು — ದೊರೆಮಗಳ ಕಣ್ಣು ಶೆಡ್ಯೂಲರ್ ಮೇಲೆ.

ಫೆಬ್ರವರಿ 6, ಬೆಳಿಗ್ಗೆ

ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಶೆಡ್ಯೂಲರ್ ನನಗೆ. ಒಬ್ಬಳೇ ಮಾಡುತ್ತೇನೆ ಅಂದೆ.

ಮೇಷ್ಟ್ರು ಹುಬ್ಬೇರಿಸಿದರು. "ನಿಂದು ಫೈಲ್ ಸಿಸ್ಟಮ್ ಅಲ್ವೇನಮ್ಮ? ಇದ್ಯಾಕೆ?"

ಭಾಷಣ ತಾನಾಗಿ ಬಂತು. ಯಂತ್ರದೊಳಗೆ ನೂರಾರು ಕೆಲಸ, ದುಡಿಯುವ ಮಿದುಳು ಒಂದು. ಈಗ ಯಾರ ಸರದಿ ಎಂದು ತೀರ್ಮಾನಿಸುವುದು ಶೆಡ್ಯೂಲರ್. ಮೇಲ್ದರ್ಜೆಯ ಕೆಲಸ ಬಂದಾಗಲೆಲ್ಲ ಕೆಳದರ್ಜೆಯದನ್ನು ಹಿಂದಕ್ಕೆ ತಳ್ಳುತ್ತದೆ. ನಾನು ಬದಲಿಸುತ್ತೇನೆ. ಕಾದ ಪ್ರತಿ ಕ್ಷಣಕ್ಕೂ ಒಂದು ಅಂಕ. ಹೆಚ್ಚು ಅಂಕ ಇದ್ದವರಿಗೆ ಸರದಿ. ಹುಟ್ಟಿದ ದರ್ಜೆ ಯಾರು ಕೇಳಬೇಕು?

"ಭಾಷಣ ಚೆನ್ನಾಗಿದೆ. ಆದ್ರೆ ಕರ್ನಲ್ ಚಪ್ಪಾಳೆ ತಟ್ಟಲ್ಲ ಕಣಮ್ಮ."

ಬರೆದುಕೊಂಡರು. ಗೆದ್ದೆ ಅಂದುಕೊಂಡು ಹೊರಬಂದೆ. ದೊರೆಮಗಳು ಕಾರಿಡಾರಿನಲ್ಲಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಒಳಗೆ ಹೋದಳು, ಗುಬ್ಬಿಯ ಜೊತೆ.

ಫೈಲ್ ಸಿಸ್ಟಮ್ ತೆಗೆದುಕೊಂಡರು.

ನನ್ನದು. ನಮ್ಮದು. ನಾನೇ ಬಿಟ್ಟುಕೊಟ್ಟು ಬಂದದ್ದು. ಅವಳ ದಾರಿಗೆ ಮುಳ್ಳು ಹಾಕಲು ಹೋಗಿ ನನ್ನ ಮನೆ ಬೇಲಿಯನ್ನೇ ಕಿತ್ತಿದ್ದೆ.

ಫೆಬ್ರವರಿ 17

ಪುಸ್ತಕದಲ್ಲಿ ಒಂದು ಸಾಲಿದೆ: ಸರದಿ ಸಿಕ್ಕಿದ ಕೂಡಲೇ ಕಾದ ಅಂಕವನ್ನು ಸೊನ್ನೆ ಮಾಡಿ. ಓದಿ ರಕ್ತ ಕುದಿಯಿತು. ಯಾಕೆ ಸೊನ್ನೆ? ಒಂದು ತುತ್ತು ಕೊಟ್ಟು ಹಸಿವನ್ನೇ ಮರೆ ಅನ್ನುವುದು ಆಳುವವರ ಹಳೆಯ ತಂತ್ರ. ಕಾದದ್ದು ಕಾದದ್ದೇ. ನನ್ನ ಕರ್ನಲ್ ಮರೆಯುವುದಿಲ್ಲ. ಆ ಸಾಲು ಬರೆಯಲಿಲ್ಲ.

ಮನೆಯಲ್ಲಿ ಅಮ್ಮ: "ಗುಬ್ಬಿ ಯಾಕೆ ಬರ್ತಿಲ್ಲ? ಜಗಳಾನಾ?"

"ಅವಳಿಗೆ ದೊಡ್ಡೋರ ಸಹವಾಸ ಸಿಕ್ಕಿದೆ."

"ನಿನಗೇನು ಸಿಕ್ತು?"

"ಶೆಡ್ಯೂಲರ್."

"ಅದು ಊಟಕ್ಕೆ ಬರುತ್ತಾ?"

ತಮ್ಮ ಬಿದ್ದು ಬಿದ್ದು ನಕ್ಕ. ತಟ್ಟೆ ಬಿಟ್ಟು ಎದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಮಾರ್ಚ್ 2

ಬೂಟ್ ಆಯಿತು, ಯಂತ್ರ ಎದ್ದು ಕೂತಿತು! ನನ್ನ ಕರ್ನಲ್, ನಾನು ಕೆತ್ತಿದ ನ್ಯಾಯ! ಪುಟ್ಟ ಪುಟ್ಟ ಪರೀಕ್ಷೆ ಮಾಡಿದೆ. ಹಿಂದೆ ಬಿದ್ದ ಕೆಲಸ ಮುಂದೆ ಬಂತು, ಓಡಿತು, ಬದಿಗೆ ಸರಿಯಿತು. ಚೂರು ಹೊತ್ತು ತಡವರಿಸಿದಂತೆ ಕಂಡಿತು. ಮುದಿ ಯಂತ್ರ, ಬಿಡು.

ಹೇಳಿಕೊಳ್ಳೋಣ ಎಂದು ಪಕ್ಕಕ್ಕೆ ತಿರುಗಿದೆ. ಕುರ್ಚಿ ಮೇಲೆ ನನ್ನ ಚೀಲ. ಅದನ್ನು ಯಾಕೆ ಇನ್ನೂ ಅಲ್ಲೇ ಇಡುತ್ತೇನೋ...

ಮೊದಲ ಬೆಂಚಿನಲ್ಲಿ ಇಬ್ಬರೂ ಒಂದೇ ಇಯರ್‌ಫೋನಿನ ಒಂದೊಂದು ತುದಿ ಕಿವಿಗೆ ಸಿಕ್ಕಿಸಿಕೊಂಡು ಕೋಡ್ ಬರೆಯುತ್ತಿದ್ದರು. ಅವರ ಯಂತ್ರ ಸುಟ್ಟುಹೋಗಲಿ ಅಂದುಕೊಂಡೆ. ಅಂದುಕೊಂಡೆ, ಹೌದು. ಇಲ್ಲೂ ಸುಳ್ಳು ಬರೆದರೆ ಇನ್ನೆಲ್ಲಿ ನಿಜ ಬರೆಯಲಿ?

ಮಾರ್ಚ್ 9, ಸಂಜೆ

ಮಧ್ಯಾಹ್ನ ಡೆಮೊ.

ಮೊದಲು ಅವರು. ಗುಬ್ಬಿ ಒಂದು ಫೈಲ್ ಅಳಿಸಿದಳು — ಮೊದಲ ವರ್ಷದ ಅದೇ ಅಸೈನ್‌ಮೆಂಟ್. ದೊರೆಮಗಳು ಒಂದು ಸಾಲು ಟೈಪ್ ಮಾಡಿದಳು. ವಾಪಸ್ ಬಂತು. ಚಪ್ಪಾಳೆ. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಗುಬ್ಬಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ.

ಆಮೇಲೆ ನಾನು. ದೊಡ್ಡದಾಗಿ ತೋರಿಸಬೇಕೆಂದು ಬೆಳಿಗ್ಗೆಯಿಂದಲೇ ಒಂದು ಕೆಳದರ್ಜೆ ಕೆಲಸವನ್ನು ಹಳೆ ನಿಯಮದಡಿ ಕಾಯಿಸಿಟ್ಟಿದ್ದೆ. ಅಂಕ ಮಾತ್ರ ಏರುತ್ತಲೇ ಇತ್ತು. "ಇದಕ್ಕೆ ಬೆಳಿಗ್ಗೆಯಿಂದ ಒಂದು ತುತ್ತೂ ಸಿಕ್ಕಿಲ್ಲ. ಈಗ ನೋಡಿ" ಎಂದು ನನ್ನ ನಿಯಮ ಜಾರಿ ಮಾಡಿದೆ.

ಸರದಿ ಸಿಕ್ಕಿತು. ಓಡಿತು. ಓಡುತ್ತಲೇ ಇತ್ತು. ಪರದೆಯ ಮೂಲೆಯ ಗಡಿಯಾರ ನಿಂತಿತು. ಮೌಸ್ ಅಲುಗಲಿಲ್ಲ. ಕೀಲಿ ಒತ್ತಿದರೆ ಅಕ್ಷರವಿಲ್ಲ. ಹಿಂದಿನ ಸಾಲಿನಿಂದ ಯಾರೋ: "ಮೈಕು ಆಫ್ ಆಯ್ತು!"

ನಗು. ಮೂಗು ಮುಚ್ಚಿದ ನಗು ಅದರಲ್ಲಿತ್ತೋ ಇಲ್ಲವೋ, ತಿರುಗಿ ನೋಡಲಿಲ್ಲ.

ದೊರೆಮಗಳು ಎದ್ದಳು. ಮೆಲ್ಲಗೆ ಕೇಳಿದಳು: "ಸರದಿ ಸಿಕ್ಕ ಮೇಲೆ ಅಂಕ ಸೊನ್ನೆ ಮಾಡ್ತೀಯಾ?"

"ಇಲ್ಲ. ಬೇಕಂತಲೇ ಬಿಟ್ಟಿದ್ದೀನಿ."

"ಹಂಗಾದ್ರೆ ಅದು ಕೆಟ್ಟಿಲ್ಲ. ತಾನು ಎಷ್ಟು ಹೊತ್ತು ಕಾದಿತ್ತೋ ಅಷ್ಟು ಹೊತ್ತು ಉಳಿದ ಎಲ್ಲರನ್ನೂ ಕಾಯಿಸುತ್ತೆ. ಉಳಿದವರ ಅಂಕ ಅದನ್ನ ದಾಟಿದ ಮೇಲೆ ಬಿಡುತ್ತೆ."

ಸರಿ ಇತ್ತು. ಪೂರ್ತಿ ಸರಿ ಇತ್ತು. ಅದಕ್ಕೇ ಮೈ ಉರಿಯಿತು.

"ಕಾಯೋದು ಅಂದ್ರೆ ಏನಂತ ನಿನಗೇನು ಗೊತ್ತು?" — ನಾನು. ಎಲ್ಲರೆದುರು.

ಅವಳು ಕೂರಲಿಲ್ಲ. "ಇಡೀ ರಜೆ ಶೆಡ್ಯೂಲರ್ ಓದಿದ್ದೆ. ಮೇಷ್ಟ್ರು ಯಾವಾಗ ಪ್ರಾಜೆಕ್ಟ್ ಹಾಕ್ತಾರೆ ಅಂತ ಕಾದಿದ್ದೆ. ನಿನಗೆ ಬೇಡದೇ ಇದ್ರೂ ನೀನು ಬರ್ಕೊಂಡೆ. ನಾನು ಒಂದು ಮಾತು ಆಡಿದ್ನಾ?"

ಸತ್ತ ಕೀಲಿಗಳನ್ನೇ ಮತ್ತೆ ಮತ್ತೆ ಒತ್ತಿದೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನಾಡಿದ್ದು ಬೆಳಿಗ್ಗೆ ಇನ್ನೊಂದ್ಸಲ ತೋರಿಸಮ್ಮ. ಆಗ್ಲೂ ನಿಂತ್ರೆ ನಾನೇನೂ ಮಾಡಕ್ಕಾಗಲ್ಲ."

ಎಲ್ಲರೂ ಹೋದರು. ನಾನು ಸ್ವಿಚ್ ಆರಿಸಲಿಲ್ಲ. ನೋಡೋಣ ಎಂದು ಕೂತೆ. ಕಿಟಕಿಯ ಬಿಸಿಲು ಟೇಬಲ್ಲಿನಿಂದ ನೆಲಕ್ಕಿಳಿದು ಬಾಗಿಲತನಕ ಹೋಯಿತು. ಆಗ, ತನ್ನಷ್ಟಕ್ಕೆ, ಗಡಿಯಾರ ಜಿಗಿಯಿತು. ಮೌಸ್ ಅಲುಗಿತು. ನಾನು ಒತ್ತಿದ್ದ ಕೀಲಿಗಳೆಲ್ಲ ಒಟ್ಟಿಗೆ ಪರದೆಗೆ ಬಿದ್ದವು — ಬೈಗುಳದಂತೆ ಅಕ್ಷರಗಳು. ಸೇಡು ತೀರಿತ್ತು, ಸರದಿ ಬಿಟ್ಟಿತ್ತು. ನಾನು ಕಟ್ಟಿದ್ದು ನ್ಯಾಯ ಅಂದುಕೊಂಡಿದ್ದೆ. ಕಟ್ಟಿದ್ದು ನನ್ನ ಹೊಟ್ಟೆಕಿಚ್ಚು.

ಮಾರ್ಚ್ 10, ಬೆಳಿಗ್ಗೆ

ಒಂದೇ ಸಾಲು. ಸರದಿ ಸಿಕ್ಕಿದ ಕೂಡಲೇ ಅಂಕ ಸೊನ್ನೆ. ಬೆರಳು ಎಷ್ಟೋ ಹೊತ್ತು ಕೀಲಿ ಮೇಲೇ ನಿಂತಿತ್ತು. ಸೊನ್ನೆ ಅಂದರೆ ಮರೆಯುವುದಲ್ಲ, ಮುಂದಿನವರಿಗೆ ಜಾಗ ಬಿಡುವುದು — ಹೀಗೆಂದು ನನಗೇ ಭಾಷಣ ಮಾಡಿಕೊಂಡೆ. ಮನಸ್ಸು ಚಪ್ಪಾಳೆ ತಟ್ಟಲಿಲ್ಲ. ಆದರೂ ಬರೆದೆ.

ಕಂಪೈಲ್ ಶುರು. ಗಿರಣಿ ಸದ್ದು. ನಾಳೆ ಬೆಳಿಗ್ಗೆಯೊಳಗೆ ಮುಗಿದು, ಗಂಟೆಗಟ್ಟಲೆ ಕಾಯಿಸಿ ನೋಡುವ ಪರೀಕ್ಷೆಯೂ ಆಗಬೇಕು. ಈ ಯಂತ್ರದಲ್ಲಿ ಅನುಮಾನ.

ಬಾಗಿಲಲ್ಲಿ ಗುಬ್ಬಿ.

"ಮೈಕು, ಕೂರ್ಲಾ?"

ಹಿಂದೆ ದೊರೆಮಗಳು. ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ನಿಂತಿದ್ದಾಳೆ. "ನಂದ್ರಲ್ಲಿ ಕಂಪೈಲ್ ಮಾಡು, ಬೇಗ ಆಗುತ್ತೆ," ಅಂದಳು. ಮುಖ ಇನ್ನೂ ಗಂಟು. ಬಂದದ್ದು ಗುಬ್ಬಿ ಎಳೆದದ್ದಕ್ಕೋ, ಶೆಡ್ಯೂಲರ್ ನೋಡುವ ಆಸೆಗೋ. ಗುಬ್ಬಿಯ ಕೊರಳಲ್ಲಿ ಅದೇ ಇಯರ್‌ಫೋನ್ ದಾರ. ಹೊಟ್ಟೆಯ ಒಲೆ ಭಗ್ ಎಂದಿತು. ಅದಕ್ಕೆ ಯಾವ ಸಾಲು ಬರೆದರೂ ಸೊನ್ನೆಯಾಗುವುದಿಲ್ಲ ಅನ್ನಿಸುತ್ತದೆ.

ಉತ್ತರ ಕೊಡದೆ ಇದನ್ನು ಗೀಚುತ್ತಾ ಕೂತಿದ್ದೇನೆ. ಕಾಯುತ್ತಿದ್ದಾರೆ. ಇಬ್ಬರೂ. ಪಕ್ಕದ ಕುರ್ಚಿ ಮೇಲೆ ನನ್ನ ಚೀಲ. ಮೊದಲು ಅದನ್ನು ತೆಗೆದು ಕೆಳಗಿಡಬೇಕು. ಉಳಿದದ್ದು ಆಮೇಲೆ.