ತುರ್ತಿಗೆ ಯಾರು

೧೪ ಸೆಪ್ಟೆಂಬರ್ ೧೯೯೩, ಮಂಗಳವಾರ

ಆ ಒಂದು ಸಾಲು ಇನ್ನೂ ತಲೆಯಿಂದ ಹೋಗಿಲ್ಲ. ಆಫೀಸಿನ ಕಂಪ್ಯೂಟರ್ ಪ್ರೋಗ್ರಾಮಿಗಾಗಿ ನಾನು ಬಿಡಿಸಿದ ನಕ್ಷೆಯಲ್ಲಿ, ‘ನೌಕರ’ ಎಂಬ ಕ್ಲಾಸಿನ ಚೌಕದೊಳಗೆ ಹೆಸರು, ವಯಸ್ಸು, ಹುದ್ದೆಯ ಕೆಳಗೆ ‘ತುರ್ತಿಗೆ ಯಾರಿಗೆ ತಿಳಿಸಬೇಕು’ ಎಂದು ಬರೆದಿದ್ದೆ.

“ಇದನ್ನ ಯಾವ ಆಪರೇಷನ್ನೂ ಬಳಸಂಗಿಲ್ಲ, ತಗದ್ ಹಾಕ್ರಿ,” ಎಂದರು ಮ್ಯಾನೇಜರ್ ಗುರಲಿಂಗಪ್ಪ. ನಾನು ಹಟ ಹಿಡಿದು, ಆ ಸಾಲನ್ನು ಬಳಸುವ ಕೆಲಸವೊಂದು ಪ್ರೋಗ್ರಾಮಿನಲ್ಲಿ ಇರಲೆಂದು ‘ಸುದ್ದಿ ತಿಳಿಸು’ ಎಂಬ ಆಪರೇಷನ್ನನ್ನೇ ಸೇರಿಸಿದೆ.

“ಆತು, ನಿಮ್ಮದ ಮಾಹಿತಿ ತುಂಬಿ ತೋರಸ್ರಿ,” ಎಂದರು ಅವರು.

ಆ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕೆಲಸಕ್ಕೆಂದು ಒಬ್ಬನೇ ಬಂದ ಈ ಪರವೂರಿನಲ್ಲಿ ದಿನವೂ ನನ್ನನ್ನು ಮಾತನಾಡಿಸುವವರು ಆಂಟಾಪ್ ಹಿಲ್ಲಿನ ಖಾನಾವಳಿಯಲ್ಲಿ ಬಡಿಸುವ ಅಕ್ಕ ಒಬ್ಬರೇ. ಅಲ್ಲಿ ಉಣ್ಣತೊಡಗಿ ಮೂರು ವರ್ಷವಾಯಿತು, ಆ ಸಾಲಿನಲ್ಲಿ ಬರೆಯಲು ಅವರ ಹೆಸರೂ ಗೊತ್ತಿಲ್ಲ. ಇವತ್ತು ಊಟದ ನಡುವೆ ಕೇಳಿಯೇಬಿಟ್ಟೆ: “ಅಕ್ಕಾ, ನಿಮ್ಮ ಹೆಸರೇನು?”

ಅವರ ಮುಖ ಸಣ್ಣದಾಯಿತು. “ಯಾಕ್ರೀ, ಅಡಗಿ ಚಲೋ ಆಗಿಲ್ಲೇನು? ಮಾಲಕರಿಗೆ ಹೇಳ್ತೀರೇನು?”

“ಇಲ್ಲ, ಚೆನ್ನಾಗಿದೆ,” ಎಂದು ಎದ್ದುಬಂದೆ.

ನಾಳೆ ಆ ಸಾಲನ್ನು ನಾನೇ ತೆಗೆದುಹಾಕುತ್ತೇನೆ.