ಯಾರೂ ತುಳಿಯದ ಕಲ್ಲು

೧೪ ಸೆಪ್ಟೆಂಬರ್ ೨೦೨೪, ಶನಿವಾರ. ಉಮರ್ಗಾ.

ಸಾಯಬೇಕಾದ ನುಸಿಗಳು ಸತ್ತಿಲ್ಲ. ಸೋಮವಾರ ಉದಗೀರದ ಕಾಲೇಜಿಗೆ ಹೋಗಿ ಗೈಡ್ ಸರ್‌ಗೆ ಯಾವ ಮುಖ ತೋರಿಸಲಿ?

ಕಳೆದ ತಿಂಗಳು ಹಿತ್ತಲಿನ ಹಾಸುಗಲ್ಲಿನ ಮೇಲಿದ್ದ ಪಾಚಿಯನ್ನು ನಡುನಡುವೆ ಕೆರೆದು ಎಂಟು ತುಂಡು ಮಾಡಿ ಹಾಸ್ಟೆಲಿಗೆ ಹೋಗಿದ್ದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟಲಾಗದೆ ಪಾಚಿಯೊಳಗೆ ಬದುಕುವ ಈ ಸಣ್ಣ ಜೀವಿಗಳು ತಿಂಗಳೊಳಗೆ ಕಡಿಮೆಯಾಗಬೇಕಿತ್ತು. ಇಂದು ಬಂದು ಎಣಿಸಿದರೆ, ಹೋಲಿಕೆಗೆಂದು ಪಕ್ಕದಲ್ಲಿ ಕೆರೆಯದೆ ಬಿಟ್ಟ ಪಾಚಿಗಿಂತ ಇಲ್ಲೇ ಹೆಚ್ಚು! ರೆಕ್ಕೆಯಿಲ್ಲದ ನುಸಿಗಳು ಬರಿಗಲ್ಲನ್ನು ಹೇಗೆ ದಾಟಿದವು?

ಉತ್ತರ ಸಂಜೆ ಸಿಕ್ಕಿತು. ಅವ್ವ ತಂಬಿಗೆ ಹಿಡಿದು ಬಂದು ಅಪ್ಪನ ಲಿಂಗಪೂಜೆಯ ನೀರನ್ನು ಕಲ್ಲಿನ ಮೇಲೆ ಸುರಿದಳು. ನೀರು ತುಂಡಿನಿಂದ ತುಂಡಿಗೆ ಹರಿಯಿತು. ಅದರೊಂದಿಗೆ ನನ್ನ ನುಸಿಗಳೂ.

“ಅವ್ವಾ, ಏನ್ ಮಾಡ್ಲಿಕ್ಕತ್ತಿ!”

“ಪೂಜಿ ನೀರು ಮಂದಿ ತುಳಿಯೋ ಜಾಗಾದಾಗ ಹಾಕಬಾರ್ದವಾ. ‘ಯಾರೂ ತುಳೀಬಾರ್ದು’ ಅಂತ ನೀನಽ ಬರದು ಪಾಟಿ ಹಚ್ಚಿ ಹೋಗಿದ್ದಿಯಲ್ಲ? ಇದಕಿಂತ ಚೊಲೊ ಜಾಗಾ ಎಲ್ಲಿ ಸಿಗ್ತದ? ದಿನಾ ಇಲ್ಲೇ ಹಾಕ್ಲಿಕ್ಕತ್ತೀನಿ.”

“ನನ್ನ ಪ್ರಯೋಗ ಹಾಳಾತು!”

“ಯಾಕ, ಹುಳಾ ಸತ್ತಾವೇನು?”

“ಇಲ್ಲ, ಬದುಕ್ಯಾವ. ಅದಽ ತ್ರಾಸ!”

ಅವ್ವ ನನ್ನನ್ನು ಕೊಲೆಗಾರ್ತಿಯನ್ನು ನೋಡಿದಂತೆ ನೋಡಿ ಒಳಗೆ ಹೋದಳು.

ಪಾಟಿ ಕಿತ್ತರೆ ಮಂದಿ ತುಳಿಯುತ್ತಾರೆ. ಬಿಟ್ಟರೆ ಅವ್ವ ನೀರು ಹಾಕುವುದನ್ನು ಬಿಡುವುದಿಲ್ಲ. ವರದಿಯಲ್ಲಿ ‘ಜೀವಿಗಳು ಉಳಿಯಲು ಕಾರಣ’ ಎಂಬಲ್ಲಿ ನಾಲ್ಕು ಸಲ ಏನೇನೋ ಬರೆದು ಹೊಡೆದುಹಾಕಿದೆ. ಕೊನೆಗೆ ‘ತೀರ್ಥ’ ಎಂದು ಬರೆದೆ. ಅದನ್ನೂ ಹೊಡೆಯಲು ಪೆನ್ನು ಎತ್ತಿದ್ದೇನೆ, ಆದರೆ ಹೊಡೆಯಲಾಗುತ್ತಿಲ್ಲ. ಸಿಟ್ಟು ಬರುತ್ತಿರುವುದೇ ಅದಕ್ಕೆ: ಅದು ನಿಜ.